ಬೇರೆಯವರ ಕುದುರೆ ಹತ್ತುವ ಮುಂಚೆ, ಅದರ ಬಾಯಿಗೆ ಏನು ಹೋಗಿದೆ ಅಂತ ಕೇಳಿ

ಎಂಡ್ಯೂರೆನ್ಸ್ ರೈಡಿಂಗ್, ಅಂದರೆ ಕುದುರೆ ಮೇಲೆ ಬಲು ದೂರ ಓಡುವ ಸ್ಪರ್ಧೆ, ಶುರು ಮಾಡಬೇಕು ಅಂತ ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿರುವ ಇಬ್ಬರು ಗೆಳೆಯರು ಈಚೆಗೆ ಫೋನ್ ಮಾಡಿದ್ದರು. ಇಬ್ಬರದ್ದೂ ಒಂದೇ ಪ್ರಶ್ನೆ. ಸ್ವಂತ ಕುದುರೆ ಇಲ್ಲ, ಲೀಸಿಗೆ ತಗೊಂಡು ಓಡಿಸಬಹುದಾ? ಓಡಿಸಬಹುದು, ನಾನು ಶುರು ಮಾಡಿದ್ದೂ ಹಾಗೇ. ಆದರೆ ದುಡ್ಡು ಕೊಡುವ ಮುಂಚೆ ನನಗಾದದ್ದನ್ನು ಓದಿ.

ಎರಡು ವರ್ಷದ ಹಿಂದೆ ಆಬರ್ನ್ ಕಡೆಯ ಬೆಟ್ಟಗಳಲ್ಲಿ 50 ಮೈಲಿಯ ರೈಡ್‌ಗೆ ಹೆಸರು ಕೊಟ್ಟೆ. ಅಂದರೆ 80 ಕಿಲೋಮೀಟರ್, 12 ಗಂಟೆಯೊಳಗೆ ಮುಗಿಸಬೇಕು. ಅಮೆರಿಕದ ಎಂಡ್ಯೂರೆನ್ಸ್ ಸಂಘ ಎಇಆರ್‌ಸಿಯ ಧ್ಯೇಯವಾಕ್ಯವೇ 'ಮುಗಿಸಿದವರೆಲ್ಲ ಗೆದ್ದವರೇ' ಅನ್ನುವ ಅರ್ಥದ್ದು. ಆ ಮಾತಿಗೇ ನಾನು ಮನಸೋತಿದ್ದು. ಕುದುರೆ ಒಬ್ಬ ಟ್ರೇನರ್‌ದು. ಬೂದು ಬಣ್ಣದ ಅರಬಿ ತಳಿ, ಹನ್ನೊಂದು ವರ್ಷ, ತುಂಬಾ ಸಾಧು.

ಹಿಂದಿನ ದಿನ ಸಂಜೆ ಕ್ಯಾಂಪಿನಲ್ಲಿ ಅದರ ಕಾಲು ಸವರಿ ನೋಡಿದೆ. ಇದು ನನ್ನ ಅಜ್ಜನಿಂದ ಬಂದ ಅಭ್ಯಾಸ. ಹಾವೇರಿ ಕಡೆ ನಮ್ಮೂರಿನಲ್ಲಿ ಗಾಡಿ ಬಿಚ್ಚಿದ ಕೂಡಲೇ ಅಜ್ಜ ಎತ್ತಿನ ನಾಲ್ಕೂ ಕಾಲಿಗೆ ಅಂಗೈ ಇಟ್ಟು ನೋಡುತ್ತಿದ್ದರು. ಎಲ್ಲಾದರೂ ಬಿಸಿ ಸಿಕ್ಕಿದರೆ ಮಾರನೇ ದಿನ ಆ ಎತ್ತಿಗೆ ನೊಗ ಇಲ್ಲ. ಈ ಕುದುರೆಯ ಎಡ ಮುಂಗಾಲಿನಲ್ಲಿ, ಮಂಡಿಯ ಕೆಳಗೆ ಹಿಂಭಾಗದಲ್ಲಿ ಸ್ವಲ್ಪ ಬಿಸಿ ಇತ್ತು. ಹೇಳಿದೆ. "ಟ್ರೇಲರಿನಲ್ಲಿ ಮೂರು ಗಂಟೆ ನಿಂತು ಬಂದಿದೆ, ಅಷ್ಟೇ" ಅಂದ ಟ್ರೇನರ್. ಆಮೇಲೆ ಒಂದು ದಪ್ಪ ಸಿರಿಂಜು ತಂದು ಕುದುರೆಯ ಬಾಯಿಯ ಮೂಲೆಗೆ ತೂರಿಸಿ ಒತ್ತಿದ. ಆಪಲ್‌ಸಾಸ್, ಅಂದರೆ ಬೇಯಿಸಿ ಅರೆದ ಸೇಬಿನ ವಾಸನೆ ಬಂತು. ಎಲೆಕ್ಟ್ರೊಲೈಟ್ ಅಂದುಕೊಂಡೆ.

ಹಾಗೆ ಅಂದುಕೊಳ್ಳೋದಕ್ಕೆ ಕಾರಣ ಇದೆ. ನಾವು ಭೇದಿಯಾದಾಗ ಓಆರ್‌ಎಸ್ ಕುಡಿಯುತ್ತೀವಲ್ಲ, ಹಾಗೆ ಈ ಆಟದಲ್ಲಿ ಬೆವರು ಸುರಿಸುವ ಕುದುರೆಗೆ ಉಪ್ಪಿನಂಶ ಕೊಡ್ತಾರೆ. ಅದು ನಿಯಮದಲ್ಲಿ ಸರಿ. ಕೊಡುವುದೂ ಅದೇ ಸಿರಿಂಜಿನಲ್ಲಿ, ಅದೇ ಆಪಲ್‌ಸಾಸಿನಲ್ಲಿ ಕಲಸಿ. ನೋವಿನ ಮಾತ್ರೆ ಪುಡಿ ಮಾಡಿ ಅದರೊಳಗೆ ಹಾಕಿದರೆ ಪಕ್ಕದಲ್ಲೇ ನಿಂತವರಿಗೂ ಗೊತ್ತಾಗೋದಿಲ್ಲ. ನಾನು "ಇದೇನು?" ಅಂತ ಒಂದು ಮಾತು ಕೇಳಲಿಲ್ಲ.

ಬೆಳಿಗ್ಗೆ ಕಾಲು ತಣ್ಣಗಿತ್ತು. ನಿರಾಳವಾಯಿತು. ದಾರಿಯುದ್ದಕ್ಕೂ ಕುದುರೆ ಚೆನ್ನಾಗಿ ಓಡಿತು. ಪ್ರತಿ ವೆಟ್ ಚೆಕ್‌ನಲ್ಲೂ, ಅಂದರೆ ಪಶುವೈದ್ಯರ ತಪಾಸಣೆಯಲ್ಲೂ, ಪಾಸ್. ಈ ಚೆಕ್ ಹೇಗಿರುತ್ತೆ ಅಂತ ಹೇಳಲೇಬೇಕು, ಮೋಸ ನಡೆಯೋದು ಇಲ್ಲೇ. ವೆಟ್ ಮೊದಲು ನಾಡಿ ಎಣಿಸುತ್ತಾರೆ. ಆಮೇಲೆ ನೀವು ಕುದುರೆಯನ್ನು 125 ಅಡಿ ಓಡಿಸಿಕೊಂಡು ಹೋಗಿ ವಾಪಸ್ ಬರಬೇಕು. ನಡಿಗೆಯಲ್ಲಿ ಕುಂಟು ಇದೆಯಾ ಅಂತ ಅಷ್ಟರಲ್ಲೇ ನೋಡುತ್ತಾರೆ. ಆ ಚಿಕ್ಕ ಓಟ ಶುರುವಾಗಿ ಒಂದು ನಿಮಿಷಕ್ಕೆ ಮತ್ತೆ ನಾಡಿ ಎಣಿಸುತ್ತಾರೆ. ಎರಡನೇ ಎಣಿಕೆ ಜಾಸ್ತಿ ಬಂದರೆ ಎಲ್ಲೋ ನೋವಿದೆ, ಇಲ್ಲಾ ಸುಸ್ತಾಗಿದೆ ಅಂತ ಅನುಮಾನ. ಮೂಕ ಪ್ರಾಣಿ ತನ್ನ ಕಷ್ಟ ಹೇಳಿಕೊಳ್ಳೋಕೆ ಇರುವ ಜಾಗ ಇದೊಂದೇ. ನೋವಿನ ಮದ್ದು ಕೊಟ್ಟವನು ಆ ಬಾಯಿಯನ್ನೂ ಮುಚ್ಚಿಬಿಡುತ್ತಾನೆ.

ಹತ್ತನೆಯವನಾಗಿ ಮುಗಿಸಿದೆ. ಮೊದಲ ಹತ್ತು ಜನಕ್ಕೆ ಸಣ್ಣದೊಂದು ಬಹುಮಾನ ಇತ್ತು. ನಮಗಿಂತ ಮುಂದೆ ಹೋಗುತ್ತಿದ್ದ ಹಿರಿಯ ಹೆಂಗಸೊಬ್ಬರು ಕೊನೇ ಚೆಕ್‌ನಲ್ಲಿ ತಾವಾಗಿಯೇ ನಿಂತುಬಿಟ್ಟಿದ್ದರು. ವೆಟ್ ಅವರ ಕುದುರೆಯನ್ನು ಪಾಸ್ ಮಾಡಿದ್ದರು. ಆದರೂ "ಇವಳ ಹೆಜ್ಜೆ ಇವತ್ತು ನನಗೆ ಸರಿ ಕಾಣಿಸ್ತಿಲ್ಲ" ಅಂತ ಜೀನು ಇಳಿಸಿದರು. ನಾನು ಪಕ್ಕದಲ್ಲೇ ಕಲ್ಲಂಗಡಿ ತಿನ್ನುತ್ತಾ ನಿಂತಿದ್ದೆ. ಅವರ ಜಾಗ ನನಗೆ ಸಿಕ್ಕಿತು. ಇದು ನೆನಪಾದಾಗಲೆಲ್ಲ ಹೊಟ್ಟೆ ಹಿಂಡಿದ ಹಾಗಾಗುತ್ತೆ.

ಮುಗಿಸಿದ ಮೇಲೆ ಮದ್ದಿನ ಪರೀಕ್ಷೆಗೆ ನಮ್ಮ ಕುದುರೆಯನ್ನೇ ಆರಿಸಿದರು. ಕ್ಯಾಲಿಫೋರ್ನಿಯಾದಲ್ಲಿ ರಾಜ್ಯ ಸರ್ಕಾರದ ಕೃಷಿ ಇಲಾಖೆಯೇ ಇದನ್ನು ನಡೆಸುತ್ತೆ. ಕೋಲಿನ ತುದಿಗೆ ಕಪ್ ಸಿಕ್ಕಿಸಿಕೊಂಡು, ಮೆಲ್ಲಗೆ ಸಿಳ್ಳೆ ಹಾಕುತ್ತಾ ಉಚ್ಚೆಗೆ ಕಾದರು. ಕತ್ತಿನಿಂದ ರಕ್ತ ತೆಗೆದರು. ಸೀಲು ಮಾಡಿದ ಟ್ಯೂಬುಗಳ ನಂಬರ್ ನೋಡಿ ಖುಷಿಯಿಂದಲೇ ಸಹಿ ಹಾಕಿದೆ.

ಮೂರನೇ ದಿನ ಕುದುರೆ ಎಡಗಾಲು ಊರಲಿಲ್ಲ. ಸ್ಕ್ಯಾನ್‌ನಲ್ಲಿ ಲಿಗಮೆಂಟ್ ಹರಿದಿರೋದು ಕಂಡಿತು. ಮೊದಲೇ ಇದ್ದ ಸಣ್ಣ ಗಾಯ, 50 ಮೈಲಿ ಓಡಿ ದೊಡ್ಡದಾಗಿತ್ತು. ಕೆಲವು ವಾರಕ್ಕೆ ಪತ್ರ ಬಂತು. ಫಿನೈಲ್‌ಬ್ಯುಟಜೋನ್ ಸಿಕ್ಕಿದೆ ಅಂತ. ಇಲ್ಲಿಯವರ ಬಾಯಲ್ಲಿ ಅದು 'ಬ್ಯೂಟ್', ಕುದುರೆ ಸಾಕುವವರ ಕಪಾಟಿನಲ್ಲಿ ಸಾಮಾನ್ಯವಾಗಿ ಇರುವ ನೋವಿನ ಮದ್ದು. ನನ್ನ ಫಲಿತಾಂಶ ರದ್ದಾಯಿತು.

ಟ್ರೇನರ್‌ಗೆ ಫೋನ್ ಮಾಡಿದರೆ ಮೊದಲು ಇಲ್ಲ ಅಂದ. ಆಮೇಲೆ "ಶೋ ಕುದುರೆಗಳಿಗೆ ಕೊಡಬಹುದಲ್ಲ, ಇದರಲ್ಲೇನು ತಪ್ಪು?" ಅಂದ. ಹೊಸಬರು ಮೋಸ ಹೋಗೋದು ಈ ಮಾತಿಗೇ. ಅಮೆರಿಕದ ಕೆಲವು ಶೋಗಳಲ್ಲಿ ಬ್ಯೂಟ್ ಇಷ್ಟು ಮಿತಿಯೊಳಗೆ ಇರಬಹುದು ಅಂತ ನಿಯಮ ಇರೋದು ನಿಜ. ಎಂಡ್ಯೂರೆನ್ಸ್‌ನಲ್ಲಿ ಆ ರಿಯಾಯಿತಿ ಇಲ್ಲ. ರಿಂಗಿನೊಳಗೆ ಕೆಲವೇ ನಿಮಿಷ ಓಡುವ ಕುದುರೆಗೂ ದಿನವಿಡೀ ಕಲ್ಲುದಾರಿಯಲ್ಲಿ ಓಡುವ ಕುದುರೆಗೂ ಒಂದೇ ಲೆಕ್ಕ ಹೇಗಾಗುತ್ತೆ?

ಇದು ಅತಿಯಾದರೆ ಏನಾಗುತ್ತೆ ಅನ್ನೋದಕ್ಕೆ 2016ರಲ್ಲಿ ಯುಎಇಯಲ್ಲಿ ಸತ್ತ ಕಾಸಲ್‌ಬಾರ್ ಕಾಂಟ್ರಾಬ್ಯಾಂಡ್ ಅನ್ನುವ ಕುದುರೆಯೇ ಸಾಕ್ಷಿ. ನೋವು ಗೊತ್ತಾಗದ ಹಾಗೆ ಅದರ ಕಾಲನ್ನು ಮರಗಟ್ಟಿಸಿದ್ದರು. ಓಟದ ನಡುವೆ ಕಾಲು ಮುರಿದು, ಕೊನೆಗೆ ದಯಾಮರಣ ಕೊಡಬೇಕಾಯಿತು. ರಕ್ತದಲ್ಲಿ ಕ್ಸೈಲಜೀನ್ ಅನ್ನುವ ಮಂಪರು ಮದ್ದು ಸಿಕ್ಕಿತು. 2020ರಲ್ಲಿ ಸವಾರನಿಗೆ 20 ವರ್ಷ ನಿಷೇಧ ಬಿತ್ತು. ಶಿಕ್ಷೆ ಯಾರಿಗೆ ಅಂತ ಗಮನಿಸಿ. ಕುದುರೆ ಕ್ರೀಡೆಗಳ ಅಂತರರಾಷ್ಟ್ರೀಯ ಸಂಸ್ಥೆ ಎಫ್‌ಇಐ ನಿಯಮದಲ್ಲಿ ಮೊದಲ ಹೊಣೆಗಾರ ಕುದುರೆ ಮೇಲೆ ಕೂತವನೇ. 'ನನಗೆ ಗೊತ್ತಿರಲಿಲ್ಲ' ಅಂದ ಮಾತ್ರಕ್ಕೆ ಬಿಡೋದಿಲ್ಲ.

ಹಾಗಾಗಿ ಈಗ ನಾನು ಮಾಡೋದು ಇಷ್ಟು. ಲೀಸಿಗೆ ಮುಂಚೆ, ಹಿಂದಿನ ಒಂದು ತಿಂಗಳಲ್ಲಿ ಕೊಟ್ಟ ಮದ್ದು, ಇಂಜೆಕ್ಷನ್, ಪುಡಿ, ಮುಲಾಮು ಎಲ್ಲವನ್ನೂ ತಾರೀಖಿನ ಸಮೇತ ಬರೆದುಕೊಡಿ ಅಂತ ಕೇಳ್ತೀನಿ. ಬರೆದುಕೊಡಲ್ಲ ಅಂದರೆ ಆ ಕುದುರೆ ಬೇಡ. ಎಲೆಕ್ಟ್ರೊಲೈಟ್ ನಾನೇ ಕೊಂಡು, ನಾನೇ ಕಲಸಿ, ನಾನೇ ಕೊಡ್ತೀನಿ. 'ಗಿಡಮೂಲಿಕೆ, ಏನೂ ಆಗಲ್ಲ' ಅನ್ನುವ ಡಬ್ಬಿಗಳ ಬಗ್ಗೆ ಇನ್ನೂ ಹುಷಾರು. ಕುದುರೆ ಶಾಂತವಾಗಿರಲಿ ಅಂತ ಕೊಡುವ ವಲೇರಿಯನ್ ಬೇರು ಎಫ್‌ಇಐ ನಿಷೇಧಿಸಿದ ಪಟ್ಟಿಯಲ್ಲಿದೆ. ನಮ್ಮ ಮೆಣಸಿನಕಾಯಿಯ ಖಾರದ ಅಂಶ ಕ್ಯಾಪ್ಸೈಸಿನ್ ಕೂಡ ನಿಷೇಧ. 2008ರ ಒಲಿಂಪಿಕ್ಸ್‌ನಲ್ಲಿ ನಾಲ್ಕು ಕುದುರೆ ಅದರಿಂದಲೇ ಸಿಕ್ಕಿಬಿದ್ದವು, ನಾರ್ವೆ ತಂಡ ಕಂಚಿನ ಪದಕ ವಾಪಸ್ ಕೊಡಬೇಕಾಯಿತು. ಕುದುರೆಗೆ ನಿಜವಾಗಿ ನೋವಿದ್ದರೆ ಮದ್ದು ಕೊಡಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಕೊಟ್ಟ ಮೇಲೆ ಓಡಿಸಬಾರದು, ಅಷ್ಟೇ.

ಆ ಹಿರಿಯ ಹೆಂಗಸಿಗೆ ಪತ್ರ ಬರೆದು ನಡೆದದ್ದೆಲ್ಲ ಹೇಳಿದೆ. ಬಹುಮಾನವನ್ನು ರೈಡ್ ನಡೆಸಿದವರಿಗೆ ಹಿಂದಿರುಗಿಸಿದೆ. ಆ ಹೆಂಗಸು ಮರುಪತ್ರದಲ್ಲಿ ಬಹುಮಾನದ ಸುದ್ದಿಯನ್ನೇ ಎತ್ತಲಿಲ್ಲ. "ಆ ಬೂದು ಕುದುರೆ ಈಗ ಹೇಗಿದೆ?" ಅಂತ ಕೇಳಿದ್ದರು. ಬೇರೆಯವರೊಬ್ಬರು ಅದನ್ನು ಕೊಂಡು ಹುಲ್ಲುಗಾವಲಿಗೆ ಬಿಟ್ಟಿದ್ದಾರೆ. ತಿಂಗಳಿಗೊಮ್ಮೆ ಹೋಗಿ ನೋಡಿಕೊಂಡು ಬರುತ್ತೀನಿ. ನಡೆಯುತ್ತೆ. ಇಳಿಜಾರಿನಲ್ಲಿ ಮಾತ್ರ ಎಡಗಾಲನ್ನು ಇನ್ನೂ ಅಳೆದು ಇಡುತ್ತೆ.