ನೀವೇ ಕಟ್ಟಿದ ಕಾರಿಗೆ ಅಲೈನ್‌ಮೆಂಟ್ ಮಾಡಿಸುವ ಮುನ್ನ ಇದನ್ನು ಓದಿ

ಇಂಗ್ಲೆಂಡಿನಲ್ಲಿ ಕಿಟ್ ಕಾರು (ಬಿಡಿಭಾಗಗಳನ್ನು ಕೊಂಡು ನಾವೇ ಜೋಡಿಸುವ ಕಾರು) ಕಟ್ಟುತ್ತಿರುವ ಕನ್ನಡದ ಗೆಳೆಯರಿಗೆ ಒಂದು ಮಾತು. ನಿಮ್ಮ ಕಾರಿನ ಹಿಂದಿನ ಎರಡು ಚಕ್ರಗಳಿಗೂ ಒಂದರ ಹಂಗು ಇನ್ನೊಂದಕ್ಕಿಲ್ಲದ ಸ್ವತಂತ್ರ ಸಸ್ಪೆನ್ಷನ್ ಇದ್ದರೆ, ಚಕ್ರಗಳ ಕೋನ ಅಳೆಯುವ ಅಲೈನ್‌ಮೆಂಟ್ ಮಷಿನ್ ಕೊಡುವ ಹಸಿರು ಪ್ರಿಂಟ್ (ಅಳತೆ ಮಿತಿಯೊಳಗಿದೆ ಎಂಬ ಗುರುತು) ನೋಡಿ ಸಮಾಧಾನ ಪಡಬೇಡಿ. ಎಲ್ಲವೂ ಹಸಿರಾಗಿದ್ದ ನನ್ನ ಕಾರು ಒದ್ದೆ ರಸ್ತೆಯಲ್ಲಿ ಗಿರಕಿ ಹೊಡೆಯಿತು.

ನನ್ನದು ಲೋಟಸ್ ಸೆವೆನ್ ಮಾದರಿಯ ಪುಟ್ಟ ಕಾರು. ಎಂಜಿನ್, ಡಿಫರೆನ್ಷಿಯಲ್, ಹಬ್ ಎಲ್ಲ ಹಳೆಯ ಮಾಜ್ದಾ ಎಂಎಕ್ಸ್-5ರಿಂದ ಬಂದಿವೆ. ಷಾಸಿ ಮತ್ತು ವಿಷ್‌ಬೋನ್‌ಗಳು (ಚಕ್ರವನ್ನು ಷಾಸಿಗೆ ಜೋಡಿಸುವ ತೋಳುಗಳು) ಕಿಟ್‌ನವು. ಐವಿಎ (ಇಂಥ ಬಿಡಿ ಕಾರುಗಳಿಗೆ ರಸ್ತೆಗಿಳಿಯುವ ಮುನ್ನ ಮಾಡುವ ಸರ್ಕಾರಿ) ಪರೀಕ್ಷೆ ಪಾಸಾಗಿ ನಂಬರ್ ಬಂದ ಮೇಲೆ, ಚಕ್ರಗಳನ್ನು ಕರಾರುವಾಕ್ಕಾಗಿ ಹೊಂದಿಸಲು ಊರಿನ ಒಂದು ಗ್ಯಾರೇಜಿಗೆ ಕೊಟ್ಟೆ. ಕಿಟ್‌ನವರ ಅಳತೆಯ ಹಾಳೆಯನ್ನೂ ಕೈಗಿಟ್ಟೆ. ಹಿಂದಿನ ಪ್ರತಿ ಚಕ್ರಕ್ಕೆ 1 ಮಿಮೀ ಟೋ ಇನ್ (ಚಕ್ರದ ಮುಂದಿನ ಅಂಚು ಒಳಕ್ಕೆ ತಿರುಗಿರುವುದು), ಕ್ಯಾಂಬರ್ (ಚಕ್ರದ ವಾಲಿಕೆ) ಮೈನಸ್ 1 ಡಿಗ್ರಿ, ಅಂದರೆ ಮೇಲ್ತುದಿ ಒಳಕ್ಕೆ, ಸೀಟಿನಲ್ಲಿ ಡ್ರೈವರ್ ತೂಕ ಇರಬೇಕು ಎಂದು ಅದರಲ್ಲಿ ದಪ್ಪ ಅಕ್ಷರದಲ್ಲೇ ಇತ್ತು.

ಅವರು ಹಾಳೆಯನ್ನು ಬದಿಗಿಟ್ಟರು. ಮಷಿನ್‌ನ ಪಟ್ಟಿಯಲ್ಲಿ ನನ್ನ ಕಾರು ಇರಲಿಲ್ಲ, ಹಾಗಾಗಿ ಎಂಎಕ್ಸ್-5 ಅಂತ ಒತ್ತಿದರು. ಸೀಟು ಖಾಲಿ ಇರುವಾಗಲೇ ಎಲ್ಲ ಹೊಂದಿಸಿದರು.

ಇದರಲ್ಲೇನು ತಪ್ಪು ಅಂತ ಕೆಲವರಿಗೆ ಅನಿಸಬಹುದು. ಎಂಎಕ್ಸ್-5 ಸುಮಾರು 1000 ಕೆಜಿ ತೂಗುತ್ತದೆ. ನನ್ನ ಕಾರು 600 ಕೆಜಿಯ ಆಸುಪಾಸು. ಇಲ್ಲಿ ಡ್ರೈವರ್ ಕೂರುವುದು ಹಿಂದಿನ ಚಕ್ರಗಳ ಸ್ವಲ್ಪ ಮುಂದೆ, ಬಲಗಡೆ. ಎಂಬತ್ತು ಕೆಜಿಯ ಮನುಷ್ಯ ಕೂತ ತಕ್ಷಣ ಹಿಂಬದಿ ತಗ್ಗುತ್ತದೆ, ಬಲಗಡೆ ಇನ್ನೂ ಜಾಸ್ತಿ. ತಗ್ಗಿದಾಗ ತೋಳುಗಳ ಕೋನ ಬದಲಾಗುತ್ತದೆ, ಜೊತೆಗೆ ಟೋ ಕೂಡ ಬದಲಾಗುತ್ತದೆ. ನನ್ನ ಕಾರಿನಲ್ಲಿ ಅದು ಹೊರಕ್ಕೆ ಹೋಗುತ್ತದೆ. ಖಾಲಿ ಸೀಟಿನಲ್ಲಿ ಸರಿ ಕಂಡ ಅಳತೆ ಓಡಿಸುವಾಗ ಉಳಿಯುವುದೇ ಇಲ್ಲ.

ಇಷ್ಟೇ ಆಗಿದ್ದರೆ ಟೈರ್ ಸವೆದು ಗೊತ್ತಾಗುತ್ತಿತ್ತೇನೋ. ಆದರೆ ಬಲಗಡೆಯ ಟೋ ಲಿಂಕ್‌ನ (ಟೋ ಹೊಂದಿಸುವ ಸರಳು) ಲಾಕ್ ನಟ್ಟನ್ನೂ (ಹೊಂದಿಸಿದ್ದು ಕದಲದಂತೆ ಹಿಡಿಯುವ ನಟ್) ಅವರು ಬಿಗಿ ಮಾಡಿರಲಿಲ್ಲ.

ಹೊರಟಾಗಿನಿಂದಲೇ ನೇರ ಹೋಗಲು ಸ್ಟೀರಿಂಗನ್ನು ತುಸು ಬಲಕ್ಕೆ ಹಿಡಿಯಬೇಕಾಗುತ್ತಿತ್ತು. ಹಾಗೇ ಮನೆ ಕಡೆ ಬರುವಾಗ ಒಂದು ರೌಂಡ್‌ಅಬೌಟ್‌ನಿಂದ ಎಡಕ್ಕೆ ಹೊರಬಿದ್ದೆ. ಮುಂದಿದ್ದ ವ್ಯಾನ್ ನಿಧಾನವಾಯಿತು, ಆಕ್ಸಿಲರೇಟರ್‌ನಿಂದ ಕಾಲು ತೆಗೆದೆ. ಹಿಂಬದಿ ಬಲಕ್ಕೆ ಜಾರಿ ಕಾರು ಪೂರ್ತಿ ತಿರುಗಿ, ಎದುರಿನ ಲೇನಿನಲ್ಲಿ ನಿಂತಿತು. ಆ ಹೊತ್ತಿಗೆ ಆ ಕಡೆಯಿಂದ ಯಾರೂ ಬರಲಿಲ್ಲ. ಬಂದಿದ್ದರೆ ಇಷ್ಟು ಹಗುರ ಕಾರಿನಲ್ಲಿ ನನ್ನ ಗತಿ ಏನಾಗುತ್ತಿತ್ತು ಎಂದು ಯೋಚಿಸಲೂ ಭಯವಾಗುತ್ತದೆ. ಎಡಕ್ಕೆ ತಿರುಗುವಾಗ ಭಾರ ಬೀಳುವುದು ಬಲಗಡೆಯ ಚಕ್ರದ ಮೇಲೆ. ಅದೇ ಹೊರಕ್ಕೆ ಮುಖ ಮಾಡಿದ್ದರೆ ಹಿಂಬದಿ ನಿಲ್ಲುವುದಾದರೂ ಹೇಗೆ?

ಟ್ರಕ್ ಮೇಲೆ ಮನೆಗೆ ತರಿಸಿ, ದಾರ ಕಟ್ಟಿ ಅಳೆದೆ. ಎಡ ಚಕ್ರ 1 ಮಿಮೀ ಒಳಕ್ಕೆ, ಬಲ ಚಕ್ರ 3 ಮಿಮೀ ಹೊರಕ್ಕೆ. ಅಂದರೆ ಎರಡೂ ಬಲಕ್ಕೇ ನೋಡುತ್ತಿದ್ದವು. ಬಲಗಡೆಯ ಲಾಕ್ ನಟ್ ಬೆರಳಲ್ಲೇ ತಿರುಗಿತು. ಗ್ಯಾರೇಜಿನವರನ್ನು ಕೇಳಿದರೆ "ಪ್ರಿಂಟ್ ಹಸಿರಿದೆಯಲ್ಲ" ಎಂದಷ್ಟೇ ಹೇಳಿದರು. ಹಣವೂ ವಾಪಸ್ ಬರಲಿಲ್ಲ.

ಈ ಕೆಲಸಕ್ಕೆ ದುಬಾರಿ ಮಷಿನ್ ಬೇಕೇ ಬೇಕು ಅಂತಿಲ್ಲ. ಗಾರೆಯವರು ಗೋಡೆಗೆ ದಾರ ಹಿಡಿಯುವ ಹಾಗೆ ಕಾರಿನ ಎರಡೂ ಬದಿ ದಾರ ಎಳೆಯಿರಿ. ದಾರ ಷಾಸಿಯ ನಡುಗೆರೆಗೆ ಸಮಾನಾಂತರ ಇರಬೇಕು. ಟೈರಿಗೆ ತಾಗಿಸಿ ಕಟ್ಟಬೇಡಿ, ಮುಂದಿನ ಎರಡು ಚಕ್ರಗಳ ನಡುವಿನ ಅಗಲವೂ ಹಿಂದಿನ ಎರಡರ ನಡುವಿನ ಅಗಲವೂ ಸಾಮಾನ್ಯವಾಗಿ ಒಂದೇ ಇರುವುದಿಲ್ಲ. ಆಮೇಲೆ ರಿಮ್‌ನ ಮುಂದಿನ ಅಂಚಿನಿಂದ ದಾರಕ್ಕೆ, ಹಿಂದಿನ ಅಂಚಿನಿಂದ ದಾರಕ್ಕೆ ಅಳೆಯಿರಿ. ಮುಂದಿನ ಅಂತರ ಜಾಸ್ತಿ ಇದ್ದರೆ ಟೋ ಇನ್. 15 ಇಂಚಿನ ರಿಮ್‌ನಲ್ಲಿ 1 ಮಿಮೀ ವ್ಯತ್ಯಾಸ ಎಂದರೆ ಸುಮಾರು 9 ನಿಮಿಷದ ಕೋನ (60 ನಿಮಿಷ ಸೇರಿದರೆ ಒಂದು ಡಿಗ್ರಿ).

ಅಳೆಯುವ ಮುಂಚೆ ನೆಲ ಸಮ ಇದೆಯೇ, ಗಾಳಿ ಸರಿ ಇದೆಯೇ ನೋಡಿ. ಸೀಟಿನಲ್ಲಿ ನಿಮ್ಮಷ್ಟೇ ತೂಕದ ಮರಳು ಚೀಲ ಇಡಿ. ಜ್ಯಾಕ್ ಇಳಿಸಿದ ಕೂಡಲೇ ಅಳೆಯಬೇಡಿ. ಟೈರ್ ನೆಲ ಕಚ್ಚಿಕೊಂಡು ಚಕ್ರಗಳು ಒಳಗೇ ಸಿಕ್ಕಿಕೊಂಡಿರುತ್ತವೆ. ಕಾರನ್ನು ಹಿಂದೆ ಮುಂದೆ ತಳ್ಳಿ, ಒತ್ತಿ ಬಿಟ್ಟು, ಕೂರಲು ಬಿಡಿ. ಮೊದಲು ನೆಲದಿಂದ ಕಾರಿನ ಎತ್ತರ, ಆಮೇಲೆ ಕ್ಯಾಂಬರ್, ಕೊನೆಗೆ ಟೋ. ಕ್ಯಾಂಬರ್ ಬದಲಿಸಿದರೆ ಟೋ ಕೂಡ ಕದಲುತ್ತದೆ, ಅದಕ್ಕೇ ಈ ಕ್ರಮ. ಹಿಂಬದಿಯ ಚಕ್ರಗಳು ಮುಗಿಯದೆ ಮುಂಬದಿಯ ಚಕ್ರ ಮುಟ್ಟಬೇಡಿ.

ಟೋ ಲಿಂಕ್ ಬಗ್ಗೆಯೂ ಹೇಳಲೇಬೇಕು. ಒಂದು ತುದಿಯ ರಾಡ್ ಎಂಡ್ (ಗುಂಡು ಕೀಲು) ಬಿಚ್ಚಿ ತಿರುಗಿಸಿ ಮತ್ತೆ ಜೋಡಿಸುವ ವಿನ್ಯಾಸವಾದರೆ ಅರ್ಧ ಸುತ್ತಿಗಿಂತ ಕಡಿಮೆ ಹೊಂದಿಸಲು ಆಗುವುದಿಲ್ಲ. ನನ್ನ ಕಾರಿನಲ್ಲಿ ಅರ್ಧ ಸುತ್ತಿಗೆ ರಿಮ್ ಸುಮಾರು 2 ಮಿಮೀ ಸರಿಯುತ್ತಿತ್ತು. ಬೇಕಿರುವುದೇ 1 ಮಿಮೀ! ಈಗ ಒಂದು ತುದಿಗೆ ಎಡ ಮರೆ (ಥ್ರೆಡ್), ಇನ್ನೊಂದಕ್ಕೆ ಬಲ ಮರೆ ಇರುವ ಲಿಂಕ್ ಹಾಕಿಸಿದ್ದೇನೆ. ಜಾಗದಲ್ಲೇ ಕೂದಲೆಳೆಯಷ್ಟು ತಿರುಗಿಸಬಹುದು. ಮರೆ ಒಳಗೆ ಹೋಗಿರುವ ಉದ್ದ ಕನಿಷ್ಠ ಅದರ ದಪ್ಪದ ಒಂದೂವರೆ ಪಟ್ಟು ಇರಲಿ, 12 ಮಿಮೀ ಮರೆಗೆ 18 ಮಿಮೀ.

ಬೆಂಗಳೂರು, ಮೈಸೂರು ಕಡೆ ಫಾರ್ಮುಲಾ ಭಾರತ್ ಎಂಬ ವಿದ್ಯಾರ್ಥಿಗಳ ಸ್ಪರ್ಧೆಗೆಂದು ಕಾರು ಕಟ್ಟುವ ಕಾಲೇಜು ಮಕ್ಕಳೂ ಇದನ್ನು ಗಮನಿಸಿ. ನಿಮ್ಮ ಕಾರು ನನ್ನದಕ್ಕಿಂತ ಇನ್ನೂ ಹಗುರ, ಡ್ರೈವರ್ ತೂಕ ಅದರಲ್ಲಿ ಇನ್ನೂ ದೊಡ್ಡ ಪಾಲು.

ಗ್ಯಾರೇಜಿಗೇ ಕೊಡುವುದಾದರೆ ಕೀಲಿ ಕೊಡುವ ಮುಂಚೆ ಎರಡು ಪ್ರಶ್ನೆ ಕೇಳಿ: ಅಳತೆಗಳನ್ನು ಮಷಿನ್‌ಗೆ ಕೈಯಾರೆ ಹಾಕಲು ಆಗುತ್ತದೆಯೇ? ಸೀಟಿನಲ್ಲಿ ತೂಕ ಇಟ್ಟು ಮಾಡುತ್ತೀರಾ? ಒಂದಕ್ಕೆ "ಇಲ್ಲ" ಅಂದರೂ ಬೇರೆ ಕಡೆ ಹೋಗಿ. ವಾಪಸ್ ತರುವಾಗ ಪ್ರತಿ ಲಾಕ್ ನಟ್ಟಿಗೂ ನೀವೇ ಸ್ಪ್ಯಾನರ್ ಹಾಕಿ ನೋಡಿ, ನಟ್ ಮತ್ತು ಲಿಂಕ್ ಮೇಲೆ ಬಣ್ಣದ ಗೆರೆ ಎಳೆಯಿರಿ. ಗೆರೆ ಸರಿದಿದ್ದರೆ ಕಾರನ್ನು ರಸ್ತೆಗೆ ಇಳಿಸಬೇಡಿ.