ಸಿಮ್ವಾಸ್ಟಾಟಿನ್ ನುಂಗುವವರಿಗೆ ಡಿಲ್ಟಿಯಾಜೆಮ್ ಕೊಟ್ಟರೆ ಎಚ್ಚರ

ಮನೆಯಲ್ಲಿ ಯಾರಾದರೂ ಕೊಲೆಸ್ಟರಾಲ್ ಮಾತ್ರೆಯ ಜೊತೆಗೆ ಬಿ.ಪಿ. ಮಾತ್ರೆಯನ್ನೂ ತೆಗೆದುಕೊಳ್ಳುತ್ತಿದ್ದರೆ, ಮೊದಲು ಆ ಮಾತ್ರೆಗಳ ಸ್ಟ್ರಿಪ್‌ಗಳನ್ನು ತಿರುಗಿಸಿ ಕಂಪನಿಯ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿರುವ ಔಷಧದ ಹೆಸರನ್ನು ಓದಿ.

ನಮ್ಮ ಅಮ್ಮ ವರ್ಷಗಳಿಂದ ಕೊಲೆಸ್ಟರಾಲ್ ಇಳಿಸುವ ಸಿಮ್ವಾಸ್ಟಾಟಿನ್ 40 ಮಿ.ಗ್ರಾಂ. ತೆಗೆದುಕೊಳ್ಳುತ್ತಿದ್ದರು. ಯಾವ ತೊಂದರೆಯೂ ಇರಲಿಲ್ಲ. ಬಿ.ಪಿ. ಹತೋಟಿಗೆ ಬರುತ್ತಿಲ್ಲವೆಂದು ಬೇರೊಬ್ಬ ವೈದ್ಯರು ಡಿಲ್ಟಿಯಾಜೆಮ್ ಬರೆದರು. ಹಳೆಯ ಚೀಟಿಯನ್ನು ಮುಂದಿಟ್ಟರೂ ಅವರು ಅದರತ್ತ ನೋಡಲಿಲ್ಲ. ಔಷಧಿ ಅಂಗಡಿಯವರು ಎರಡನ್ನೂ ಒಂದೇ ಪೊಟ್ಟಣಕ್ಕೆ ಹಾಕಿ ಕೊಟ್ಟರು.

ಕೆಲವು ವಾರಗಳಲ್ಲಿ ಅಮ್ಮನಿಗೆ ತೊಡೆಗಳಲ್ಲಿ ಕಿತ್ತು ತಿನ್ನುವಂಥ ನೋವು. ಕುರ್ಚಿಯಿಂದ ಏಳಲು ಎರಡೂ ಕೈ ಊರಬೇಕು. ತಲೆ ಬಾಚಿಕೊಳ್ಳಲು ತೋಳು ಮೇಲೇಳದು. ವಯಸ್ಸಿನ ನೋವು ಎಂದು ಹೇಳಿ ನೋವಿನ ಮಾತ್ರೆ ಕೊಟ್ಟರು. ಮೂತ್ರಪಿಂಡಕ್ಕೆ ಅದೂ ಒಂದು ಹೊರೆಯೇ. ಕೊನೆಗೆ ಒಂದು ಬೆಳಿಗ್ಗೆ ಮೂತ್ರ ಹಾಲು ಬೆರೆಸದ ಚಹಾದ ಬಣ್ಣಕ್ಕೆ ತಿರುಗಿತ್ತು. ರಕ್ತದಲ್ಲಿ ಸ್ನಾಯುಗಳ ಹಾನಿಯನ್ನು ತೋರಿಸುವ ಸಿ.ಪಿ.ಕೆ. ಸುಮಾರು 200ರೊಳಗೆ ಇರಬೇಕಾದದ್ದು ಸಾವಿರಗಳಲ್ಲಿತ್ತು, ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯೇಟಿನಿನ್ ಏರಿತ್ತು. ಹಗಲೂ ರಾತ್ರಿ ಸಲೈನ್ ಹಾಕಿದ್ದರಿಂದ ಡಯಾಲಿಸಿಸ್ ತಪ್ಪಿತು.

ಸಿಮ್ವಾಸ್ಟಾಟಿನ್ ಅನ್ನು ಯಕೃತ್ತಿನಲ್ಲಿ ಒಡೆಯುವುದು ಸಿ.ವೈ.ಪಿ.3ಎ4 ಎಂಬ ಕಿಣ್ವ. ಡಿಲ್ಟಿಯಾಜೆಮ್ ಮತ್ತು ಇನ್ನೊಂದು ಬಿ.ಪಿ. ಮಾತ್ರೆ ವೆರಪಮಿಲ್ ಆ ಕಿಣ್ವವನ್ನೇ ತಡೆಯುತ್ತವೆ. ಮಾತ್ರೆಯ ಪ್ರಮಾಣ ಹಳೆಯದೇ ಆದರೂ ರಕ್ತದಲ್ಲಿ ಔಷಧ ಹಲವು ಪಟ್ಟು ಉಳಿಯುತ್ತದೆ, ಸ್ನಾಯುಗಳು ಒಡೆಯತೊಡಗುತ್ತವೆ, ಅವುಗಳಿಂದ ಸೋರಿದ ಮಯೋಗ್ಲೋಬಿನ್ ಎಂಬ ಪ್ರೋಟೀನ್ ಮೂತ್ರಪಿಂಡವನ್ನು ಕೆಡಿಸುತ್ತದೆ. ಎಲ್ಲರಿಗೂ ಹೀಗಾಗುವುದಿಲ್ಲ, ನಿಜ. ಆದರೆ ಇದು ಹೊಸ ವಿಷಯವೂ ಅಲ್ಲ. ಡಿಲ್ಟಿಯಾಜೆಮ್ ಅಥವಾ ವೆರಪಮಿಲ್ ಜೊತೆ ಸಿಮ್ವಾಸ್ಟಾಟಿನ್ ದಿನಕ್ಕೆ 10 ಮಿ.ಗ್ರಾಂ. ಮೀರಬಾರದು, ಬಿ.ಪಿ.ಗೇ ಕೊಡುವ ಅಮ್ಲೋಡಿಪಿನ್ ಜೊತೆ 20 ಮೀರಬಾರದು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2011ರಲ್ಲೇ ಹೇಳಿದೆ. ಅಮ್ಲೋಡಿಪಿನ್ ನಮ್ಮಲ್ಲಿ ಎಷ್ಟು ಮನೆಗಳಲ್ಲಿದೆ ಎಂದು ನೆನೆದರೆ ಎದೆ ಝಲ್ಲೆನ್ನುತ್ತದೆ. ಕೆಮ್ಮು, ಗಂಟಲು ನೋವಿಗೆ ಕೊಡುವ ಕ್ಲಾರಿಥ್ರೋಮೈಸಿನ್ ಎಂಬ ಆ್ಯಂಟಿಬಯೋಟಿಕ್ ಅನ್ನಂತೂ ಸಿಮ್ವಾಸ್ಟಾಟಿನ್ ಜೊತೆ ಕೊಡಲೇಬಾರದು.

ಅಮ್ಮ ಚೇತರಿಸಿಕೊಂಡ ಮೇಲೆ ವೈದ್ಯರು ರೊಸುವಾಸ್ಟಾಟಿನ್ ಎಂಬ ಬೇರೆ ಕೊಲೆಸ್ಟರಾಲ್ ಮಾತ್ರೆಗೆ ಬದಲಾಯಿಸಿದರು. ಅದಕ್ಕೆ ಈ ಕಿಣ್ವದ ಹಂಗು ಅಷ್ಟಿಲ್ಲ.

ಇದನ್ನು ಓದಿ ಗಾಬರಿಯಿಂದ ಯಾವ ಮಾತ್ರೆಯನ್ನೂ ನೀವಾಗಿಯೇ ನಿಲ್ಲಿಸಬೇಡಿ, ಬಿ.ಪಿ. ಏಕಾಏಕಿ ಏರಿದರೆ ಅದೂ ಅಪಾಯವೇ. ಎಲ್ಲ ಸ್ಟ್ರಿಪ್‌ಗಳನ್ನೂ ಒಯ್ದು ವೈದ್ಯರ ಮೇಜಿನ ಮೇಲಿಟ್ಟು, ಇವು ಒಟ್ಟಿಗೆ ಹೊಂದುತ್ತವೆಯೇ ಎಂದು ನೇರವಾಗಿ ಕೇಳಿ. ಮೈಕೈ ನೋವಿನ ಜೊತೆ ಮೂತ್ರ ಕಪ್ಪಾದರಂತೂ ಮರುದಿನಕ್ಕೆ ಕಾಯದೆ ಆಸ್ಪತ್ರೆಗೆ ಹೋಗಿ, ಸಿ.ಪಿ.ಕೆ. ಮತ್ತು ಕ್ರಿಯೇಟಿನಿನ್ ಪರೀಕ್ಷೆ ಮಾಡಿಸಿ.