ಕೊಟ್ಟೆಯೋ ಬೋರ್ಡೋನೋ: ನಮ್ಮ ತೋಟದ ಎರಡು ಮಳೆಗಾಲ

ಶಿರಸಿ ಕಡೆ ಜೂನ್ ಬಂತೆಂದರೆ ಎಲ್ಲರ ಬಾಯಲ್ಲೂ ಒಂದೇ ಮಾತು. "ಔಷಧಿ ಆಯ್ತಾ?" "ಎಲ್ಲಿ ಮಾರಾಯಾ, ಕೊನೆಗೌಡನೇ ಸಿಗಲಿಲ್ಲ." ಕೊನೆಗೌಡ ಅಂದರೆ ಅಡಿಕೆ ಮರ ಹತ್ತುವ ಆಳು. ಅಡಿಕೆಗೆ ಕೊಳೆ, ಅಂದರೆ ಮಳೆಗಾಲದಲ್ಲಿ ಕಾಯಿ ಕೊಳೆತು ಉದುರುವ ರೋಗ, ಬರದ ಹಾಗೆ ನೋಡಿಕೊಳ್ಳಲು ಬೋರ್ಡೋ ದ್ರಾವಣ ಹೊಡೆಯಬೇಕು, ಇಲ್ಲವೇ ಅಡಿಕೆ ಕೊನೆಗೆ (ಗೊನೆಗೆ) ಪ್ಲಾಸ್ಟಿಕ್ ಹೊದಿಕೆಯ ಕೊಟ್ಟೆ ಕಟ್ಟಬೇಕು. ಎರಡನ್ನೂ ಅಕ್ಕಪಕ್ಕದ ಸಾಲುಗಳಲ್ಲೇ ಎರಡು ವರ್ಷ ಮಾಡಿ ನೋಡಿದೆ.

ಬೋರ್ಡೋ ಲೆಕ್ಕ ಎಲ್ಲರಿಗೂ ಬಾಯಿಪಾಠ: ಮೈಲುತುತ್ತು (ತಾಮ್ರದ ಸಲ್ಫೇಟ್) 1 ಕೆಜಿ, ಸುಣ್ಣ 1 ಕೆಜಿ, ನೀರು 100 ಲೀಟರ್. ಫ್ರಾನ್ಸಿನಲ್ಲಿ ದ್ರಾಕ್ಷಿಗೆಂದು ಹುಟ್ಟಿದ ಈ ಔಷಧಿಯನ್ನು ನಮ್ಮ ಅಡಿಕೆ ಮರಕ್ಕೆ ತಂದವರಲ್ಲಿ ಮೊದಲಿಗರು ಮೈಸೂರು ಸಂಸ್ಥಾನದ ವಿಜ್ಞಾನಿ ಲೆಸ್ಲಿ ಕೋಲ್‌ಮನ್. 1910ರ ಆಸುಪಾಸಿನ ಮಾತು. ತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕೇ ಹೊರತು ಉಲ್ಟಾ ಅಲ್ಲ. ಆಮೇಲೆ ಉಜ್ಜಿ ಹೊಳಪು ಬರಿಸಿದ ಚಾಕು ಅದ್ದಿ ನೋಡಬೇಕು. ಮೊದಲ ವರ್ಷ ನಾನು ಮೂಲೆಯಲ್ಲಿ ಬಿದ್ದಿದ್ದ ಹಳೇ ಸುಣ್ಣವನ್ನೇ ಹಾಕಿದ್ದೆ. ಚಾಕು ತೆಗೆದರೆ ಅಲಗಿನ ತುಂಬ ತಾಮ್ರದ ಕೆಂಪು! ಸುಣ್ಣ ಸತ್ತು ಹೋಗಿತ್ತು, ತುತ್ತಿಗೆ ಸಾಲಲಿಲ್ಲ. ಹೊಸ ಸುಣ್ಣ ತಂದು ಸೇರಿಸಿದ ಮೇಲೇ ಮರ ಹತ್ತಿದ್ದು.

ಆ ವರ್ಷ ಮಿರ್ಗದ (ಮೃಗಶಿರ) ಮಳೆ ತಡವಾಯ್ತು. ಔಷಧಿ ಕೊನೆಯ ಮೇಲೆ ಚೆನ್ನಾಗಿ ಒಣಗಿ ನೀಲಿಯಾಗಿ ಕೂತಿತ್ತು. ತಾಪತ್ರಯ ಇರುವುದು ಎರಡನೇ ಸಲದಲ್ಲಿ. 40-45 ದಿನ ಎಣಿಸಿದರೆ ಸರಿಯಾಗಿ ಪುಷ್ಯ ಮಳೆಯ ಮಧ್ಯೆ ಬಂದು ನಿಲ್ಲುತ್ತದೆ. ಒಂದು ಹಗಲು ಬಿಡುವು ಸಿಗಲಿಲ್ಲ. ಆಶ್ಲೇಷದಲ್ಲಿ ಬಿಸಿಲು ಕಂಡಾಗ ಮರದ ಬುಡದಲ್ಲಿ ಹಸಿರು ಕಾಯಿ ಬಿದ್ದಿದ್ದವು, ತೊಟ್ಟಿನ ಕಡೆ ನೀರು ಕುಡಿದ ಹಾಗೆ ಕಪ್ಪು ಹಸಿರು, ಮೇಲೆ ಬಿಳಿ ಬೂಸ್ಟು. ಸುರಿಯುವ ಮಳೆಗಿಂತ ಹೀಗೆ ಬಿಸಿಲು-ಮಳೆ ಆಟ ಆಡುವ ದಿನಗಳೇ ಕೊಳೆಗೆ ಇಷ್ಟ.

ಪಕ್ಕದ ಕೊಟ್ಟೆ ಸಾಲಿನಲ್ಲಿ ಅದೇ ವಾರ ಹೆಕ್ಕಿದ್ದು ಬೊಗಸೆಯಷ್ಟು ಕಾಯಿ. ಒಮ್ಮೆ ಕಟ್ಟಿದರೆ ಮಳೆಗಾಲ ಮುಗಿಯುವ ತನಕ ಆಕಾಶ ನೋಡುವ ಕೆಲಸವಿಲ್ಲ. ಬಾಯಿ ಕೆಳಗೆ ತೆರೆದೇ ಇರಬೇಕು, ಒಳಗೆ ಗಾಳಿ ಆಡಬೇಕು.

ಎರಡನೇ ವರ್ಷ ಕೊಟ್ಟೆಯೂ ಕೈಕೊಟ್ಟಿತು. ತಪ್ಪು ನನ್ನದೇ. ಮೇ ಕೊನೆಗೇ ಮಳೆ ಹಿಡಿಯಿತು. ಕೆಲಸ ಅರ್ಧಕ್ಕೆ ನಿಂತಿತ್ತು, ಉಳಿದ ಕೊನೆಗಳಿಗೆ ಒದ್ದೆಯಿದ್ದಾಗಲೇ ಕಟ್ಟಿಸಿದೆ. ಬಿಚ್ಚಿದಾಗ ಅವುಗಳಲ್ಲಿ ಕೆಲವು ಒಳಗೊಳಗೇ ಕೊಳೆತು ಬೆಳ್ಳಗಾಗಿದ್ದವು. ಅಂದರೆ ಬೋರ್ಡೋಗೆ ಎರಡು ಮೂರು ಸಲ ಬಿಡುವು ಬೇಕು, ಕೊಟ್ಟೆಗೆ ಒಂದೇ ಸಲ. ಆ ಒಂದು ತಪ್ಪಿದರೆ ಮುಗೀತು, ಬೋರ್ಡೋ ಹಾಗೆ ಮತ್ತೊಮ್ಮೆ ಹೊಡೆಯುವ ಮಾತಿಲ್ಲ.

ಖರ್ಚಿನಲ್ಲಿ ಕೊಟ್ಟೆ ದುಬಾರಿ. ಅದು ಪ್ಲಾಸ್ಟಿಕ್ಕಿನ ದುಡ್ಡಲ್ಲ, ಕೂಲಿಯದು. ಔಷಧಿಯಾದರೆ ಅರ್ಧ ದಿನಕ್ಕೆ ಮುಗಿಯುವ ಸಾಲಿಗೆ ನಮ್ಮಲ್ಲಿ ಎರಡು ದಿನ ಹಿಡಿಯಿತು, ಬಿಚ್ಚಲು ಮತ್ತೆ ಹತ್ತಬೇಕು. ಔಷಧಿಯನ್ನು ಈಗ ಉದ್ದದ ದೋಟಿಯಲ್ಲಿ ನೆಲದಿಂದಲೇ ಹೊಡೆಯಬಹುದು, ಕೊಟ್ಟೆಗೆ ಮನುಷ್ಯನೇ ಮೇಲೆ ಹೋಗಬೇಕು. ಕೊನೆಗೌಡರು ಸಿಗುವುದೇ ಅಪರೂಪ ಅಲ್ವಾ ಈಗ.

ಹಾಗಾಗಿ ಈ ಸಲ ಎಲ್ಲ ಕಡೆ ಒಂದೇ ಮಾಡುವುದಿಲ್ಲ. ಹಳ್ಳದ ಪಕ್ಕದ ಕೆಳಗಿನ ಸಾಲುಗಳಲ್ಲಿ ಮಂಜು ಹತ್ತು ಗಂಟೆಯಾದರೂ ಏಳುವುದಿಲ್ಲ. ಅಲ್ಲಿಗೆ ಕೊಟ್ಟೆ, ಅದೂ ಮೇ ಮೂರನೇ ವಾರದೊಳಗೆ. ಗಾಳಿ ಬೆಳಕು ಇರುವ ಮೇಲಿನ ಸಾಲುಗಳಿಗೆ ಬೋರ್ಡೋ ಸಾಕು.

ಹಳೇ ಕೊಟ್ಟೆಗಳನ್ನು ತೊಳೆದು ಅಂಗಳದ ತಂತಿಗೆ ಹಾಕಿದ್ದೇನೆ. ಹರಿದ ಚೂರುಗಳನ್ನು ಬಸಿಗಾಲುವೆಯಿಂದ ಹೆಕ್ಕಿ ತಂದು ಗೋಣಿಗೆ ತುಂಬುತ್ತಿದ್ದರೆ ಆಯಿ ಜಗಲಿಯಿಂದ ಸುಮ್ನೆ ನೋಡುತ್ತಿದ್ದಳು. ಅವಳ ಕಾಲದಲ್ಲಿ ಬೇಣದ (ಹುಲ್ಲುಗಾವಲಿನ) ಕರಡ ಹುಲ್ಲು ಕೊಯ್ದು ಕೊಟ್ಟೆ ಹೆಣೆಯುತ್ತಿದ್ದರು. "ನಮ್ಮದು ಬಿದ್ದರೆ ಗೊಬ್ಬರ ಆಗ್ತಿತ್ತು," ಎಂದಳು.